ಹೆಸರು ಹಿಡಿದು ಕರೆದವರು

ಮಾತಾಡಿದರೆ ಕೆಲಸ ಮಾಡುವ ಆ ಸ್ಪೀಕರನ್ನು ನಾವು ಬಣ್ಣ ನೋಡಿ ತೆಗೆದುಕೊಂಡಿದ್ದಲ್ಲ, ಹಾಡು ಕೇಳಿಯೂ ಅಲ್ಲ. ನನ್ನ ಗಂಡನ ನಾಲಿಗೆಗೆ ಯಾವುದು ದಕ್ಕುತ್ತದೆ ಎಂದು ನೋಡಿ ತೆಗೆದುಕೊಂಡಿದ್ದು. ಅವರಿಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಬಲಗೈ ಏಳುತ್ತಿರಲಿಲ್ಲ, ಬಲಗಾಲು ಎಳೆದುಕೊಂಡು ಗೋಡೆ ಹಿಡಿದು ನಡೆಯುತ್ತಿದ್ದರು, ಮಾತು ಬಾಯೊಳಗೇ ಮುದ್ದೆಯಾಗುತ್ತಿತ್ತು. ಕಾಸರಕೋಡದ ಐಸ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕರಾಗಿದ್ದವರು. ದಕ್ಕೆಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಬೋಟಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಈಗ ನೀರು ಬೇಕೆಂದರೂ ಏನೆಂದು ನಾನು ಎರಡು ಸಲ ಕೇಳಬೇಕಾಗುತ್ತಿತ್ತು.

ನಾನು ಮುರ್ಡೇಶ್ವರದ ಒಂದು ಲಾಡ್ಜಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆ ನಾಲ್ಕೂವರೆಗೆ. ಅಷ್ಟು ಹೊತ್ತು ಮನೆಯಲ್ಲಿ ಅವರೊಬ್ಬರೇ. ಪಕ್ಕದ ಮನೆಯ ಮೀನು ಮಾರುವ ಕೊಂಕಣಿ ಬಾಯಿ ಮಧ್ಯಾಹ್ನ ಬಂದು ಊಟ ಬಡಿಸಿ ಹೋಗುತ್ತಿದ್ದಳು, ನಿಜ. ಆದರೆ ಹತ್ತು ಗಂಟೆಗೆ ಬಿದ್ದರೆ? ಎಡಗೈಯಲ್ಲಿ ಮೊಬೈಲ್ ಒತ್ತಲು ಹೋದರೆ ಬೆರಳು ಎಲ್ಲೆಲ್ಲಿಗೋ ಹೋಗುತ್ತಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು ನಾನು ದಿನಾ ಅವರನ್ನು ಮನಸ್ಸಿನಲ್ಲೇ ಬೀಳಿಸುತ್ತಿದ್ದೆ. ಒಂದು ದಿನ ಬಚ್ಚಲಲ್ಲಿ, ಒಂದು ದಿನ ಮೆಟ್ಟಿಲ ಮೇಲೆ. ಭಟ್ಕಳದಲ್ಲಿರುವ ಮಗಳು ಫೋನಿನಲ್ಲಿ ಇದನ್ನೆಲ್ಲ ಕೇಳಿ ಸಾಕಾಗಿ, ಬಾಯಲ್ಲಿ ಹೇಳಿದರೆ ಫೋನ್ ಹಚ್ಚುವ ಸ್ಪೀಕರ್ ಬರುತ್ತದೆ, ಅದನ್ನಾದರೂ ತಗೋ ಅಂದಳು.

ಕುಮಟೆಗೆ ಫಿಸಿಯೋಥೆರಪಿಗೆ ಹೋದ ದಿನವೇ ಅಂಗಡಿಗೆ ಹೋದೆವು. ಅಂಗಡಿಯವನು ಎರಡು ಮಾಡೆಲ್ ತೆಗೆದಿಟ್ಟ. ಮೊದಲು ಅದನ್ನು ಎಚ್ಚರಿಸಲು ಒಂದು ಪದ ಹೇಳಬೇಕಂತೆ. ಅವನು ಹೇಳಿದ ಕೂಡಲೇ ನೀಲಿ ದೀಪ ಹತ್ತಿತು. ಇವರು ಹೇಳಿದರು, ಹತ್ತಲಿಲ್ಲ. ಮತ್ತೆ ಹೇಳಿದರು. ಮಿಕ್ಸರ್ ನೋಡುತ್ತಿದ್ದ ಹೆಂಗಸೊಬ್ಬಳು ಮಿಕ್ಸರ್ ಬಿಟ್ಟು ಇವರನ್ನು ನೋಡತೊಡಗಿದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡನೆಯ ಮಾಡೆಲಿನಲ್ಲಿ ಎಚ್ಚರಿಸುವ ಪದವನ್ನು ಬದಲಾಯಿಸಬಹುದಿತ್ತು. ನಾಲ್ಕು ಪದಗಳಲ್ಲಿ ಒಂದು ಚಿಕ್ಕದು, ಅದಕ್ಕೆ ದೀಪ ಹತ್ತಿತು. ಅದನ್ನೇ ಕಟ್ಟಿಕೊಡಿ ಅಂದೆ.

ಆಮೇಲೆ ಬಂತು ನಿಜವಾದ ಫಜೀತಿ. ಲಾಡ್ಜಿನ ಕೌಂಟರಿನಲ್ಲಿ ಮೊಬೈಲ್ ಇಟ್ಟುಕೊಳ್ಳಲು ನಮ್ಮ ಮಾಲೀಕರು ಬಿಡುವುದಿಲ್ಲ. ಹಾಗಾಗಿ ಅಲ್ಲಿಯ ಲ್ಯಾಂಡ್‌ಲೈನ್ ನಂಬರನ್ನೇ ಇವರ ಮೊಬೈಲಿಗೆ ಹಾಕಿ, ಮೊಬೈಲನ್ನು ಸ್ಪೀಕರಿಗೆ ಜೋಡಿಸಬೇಕಿತ್ತು. ಯಾವ ಹೆಸರಿನಲ್ಲಿ ಹಾಕಲಿ, ಮನೆಯಲ್ಲಿ ಮೇಡಮ್ಮಿಗೆ ಏನಂತ ಕರೀತೀರಿ ಎಂದು ಅಂಗಡಿಯವನು ಕೇಳಿದ. ನಾವಿಬ್ಬರೂ ನೆಲ ನೋಡಿದೆವು. ಮದುವೆಯಾಗಿ ಇಪ್ಪತ್ತೇಳು ವರ್ಷ. ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನನಗೆ ಅವರು ‘ಹೋಯ್’, ಅವರಿಗೆ ನಾನೂ ‘ಹೋಯ್’. ನನ್ನ ಹೆಸರು ತವರಿನಲ್ಲಿ, ರೇಷನ್ ಕಾರ್ಡಿನಲ್ಲಿ ಮತ್ತು ಲಾಡ್ಜಿನ ಬೋರ್ಡಿನಲ್ಲಿ ಮಾತ್ರ ಇತ್ತು.

ನಾನೇ ಸಂಕೋಚ ಬಿಟ್ಟು ‘ಹೋಯ್’ ಎಂದೇ ಹಾಕಿ ಅಂದೆ. ಅವನು ನಗದೆ ಹಾಕಿದ, ಅಷ್ಟು ಪುಣ್ಯ. ಆದರೆ ಸ್ಪೀಕರಿಗೆ ಅದು ಹೆಸರು ಅನಿಸಲೇ ಇಲ್ಲ. ಪ್ರತಿ ಸಲವೂ ಅರ್ಥವಾಗಲಿಲ್ಲ, ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ಕಡೆಗೆ ನನ್ನ ಹೆಸರನ್ನೇ ಹಾಕಬೇಕಾಯಿತು. ಒಂದ್ಸಲ ಹೇಳಿ ನೋಡಿ ಸಾರ್ ಎಂದು ಅವನು ಎಷ್ಟು ಹೇಳಿದರೂ ಇವರು ಬಾಯಿ ತೆರೆಯಲಿಲ್ಲ.

ಮನೆಗೆ ಬಂದ ಮೇಲೂ ಅದೇ ಹಟ. ಮಂಚದ ಪಕ್ಕದ ಸ್ಟೂಲಿನ ಮೇಲೆ ಸ್ಪೀಕರ್ ಇಟ್ಟೆ. ವಾರ್ತೆ ಕೇಳುತ್ತಿದ್ದರು, ಹಾಡು ಕೇಳುತ್ತಿದ್ದರು. ನಾನು ಹೊರಡುವ ಮೊದಲು ಒಂದು ಸಲ ನನ್ನ ಹೆಸರು ಹೇಳಿ ಫೋನ್ ಹಚ್ಚಿ ತೋರಿಸಿ ಅಂದರೆ, ಎಡಗೈ ಬೀಸಿ ‘ಆತು, ಆತು’ ಅನ್ನುತ್ತಿದ್ದರು. ಹೇಳಲು ಬರುತ್ತದೋ ಇಲ್ಲವೋ, ಬಂದರೂ ಹೇಳುತ್ತಾರೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಹೋದಂತೆ ಮಾಡಿ ಬಾಗಿಲ ಹಿಂದೆ ನಿಂತು ಕಿವಿಗೊಟ್ಟಿದ್ದೂ ಉಂಟು. ಒಂದು ದಿನ ಹಾಗೆ ನಿಂತು ಬಸ್ಸು ತಪ್ಪಿಸಿಕೊಂಡೆ. ಸ್ಪೀಕರ್ ಬಂದು ನನ್ನ ಹೆದರಿಕೆ ಕಡಿಮೆಯಾಗುವ ಬದಲು ಅದಕ್ಕೆ ಇನ್ನೊಂದು ಸೇರಿತು, ಅಷ್ಟೇ.

ತಿಂಗಳು ಕಳೆದಿರಬೇಕು. ಅದು ಸೋಮವಾರ. ಶನಿವಾರ, ಭಾನುವಾರ ಬಂದವರೆಲ್ಲ ರೂಮು ಬಿಡುವ ಗಲಾಟೆ. ಹಿಂದಿನ ದಿನವೇ ಒಬ್ಬ ಕುಡಿದು, ಕೌಂಟರಿನ ಮೇಲಿನ ಬೋರ್ಡಿನಲ್ಲಿ ನನ್ನ ಹೆಸರು ಓದಿಕೊಂಡು, ರೂಮಿನಿಂದ ಮೂರು ಸಲ ಫೋನ್ ಮಾಡಿ ಸತಾಯಿಸಿದ್ದ. ಹನ್ನೊಂದು ಗಂಟೆಯ ಹೊತ್ತಿಗೆ ಫೋನು ಹೊಡೆದುಕೊಂಡಿತು. ಎತ್ತಿದೆ. ಒಬ್ಬ ಗಂಡಸು, ದಪ್ಪ ನಾಲಿಗೆಯಲ್ಲಿ, ಮುಂದೆ ಹಿಂದೆ ಏನೂ ಇಲ್ಲದೆ ಬರೀ ನನ್ನ ಹೆಸರು ಹೇಳಿದ. ಲಾಡ್ಜಿನಲ್ಲಿ ನಾನು ಎಲ್ಲರಿಗೂ ಅಕ್ಕ, ಇಲ್ಲವೇ ಮೇಡಂ. ಕುಡಿದು ಫೋನ್ ಮಾಡಲು ನಾಚಿಕೆಯಾಗುವುದಿಲ್ಲವೇ ಎಂದು ಮನಸ್ಸಿನಲ್ಲೇ ಬೈದು ಇಟ್ಟೆ.

ಮತ್ತೆ ಹೊಡೆದುಕೊಂಡಿತು. ಮತ್ತೆ ಅದೇ ಹೆಸರು, ಈ ಸಲ ಬಿಡಿಸಿ ಬಿಡಿಸಿ. ಆಗಲೂ ಇಟ್ಟೆ. ಎದುರಿಗಿದ್ದ ಗಿರಾಕಿಗೆ ರಶೀದಿ ಕೊಟ್ಟೆ.

ಮೂರನೆಯ ಸಲ ಎತ್ತಿದಾಗ ಹೆಸರಿರಲಿಲ್ಲ. ಉಸಿರಾಟ ಕೇಳಿತು. ಆಮೇಲೆ ಮೆಲ್ಲಗೆ, “ಹೋಯ್.”

ಎಂತ ಆತು ಎಂದು ಕೇಳಿದರೆ ‘ಬಿದ್ದೆ’ ಎನ್ನುವುದೊಂದೇ ತಿಳಿಯಿತು. ಪಕ್ಕದ ಮನೆಯ ಬಾಯಿಗೆ ಫೋನ್ ಮಾಡಿ, ರೂಮ್‌ಬಾಯ್‌ಗೆ ಕೌಂಟರ್ ನೋಡಿಕೊಳ್ಳಲು ಹೇಳಿ, ಮಾಲೀಕರಿಗೆ ತಿಳಿಸದೆಯೇ ಓಡಿ ಬಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಅವರು ಬಿದ್ದಿದ್ದು ಕಾಣಲಿಲ್ಲ. ಫೋನಿಟ್ಟ ನನ್ನ ಕೈ ಕಾಣುತ್ತಿತ್ತು.

ದೇವರು ದೊಡ್ಡವನು, ಹೆಚ್ಚಿಗೆ ಏನೂ ಆಗಿರಲಿಲ್ಲ. ನೀರಿನ ತಂಬಿಗೆಗೆ ಕೈ ಚಾಚಿ ಮಂಚದಿಂದ ಜಾರಿದ್ದರು. ಪಾದ ಉಳುಕಿತ್ತು. ಕೊಂಕಣಿ ಬಾಯಿ ತನ್ನ ಮೀನಿನ ಪೆಟ್ಟಿಗೆಯ ಐಸನ್ನೇ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದಳು. ಕೋಣೆಯೆಲ್ಲ ಬಂಗಡೆ ವಾಸನೆ. ಎರಡು ಸಲ ಫೋನ್ ಮಾಡಿದ್ದೆ, ಕೇಳಲಿಲ್ಲವಾ ಎಂದು ಅವರು ತಡೆದು ತಡೆದು ಕೇಳಿದರು. ಲೈನ್ ಸರಿ ಇರಲಿಲ್ಲ, ಬರೀ ಗೊರಗೊರ ಕೇಳಿತು ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವರು ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು.

ಮರುದಿನದಿಂದ ಅವರು ಸ್ಪೀಕರಿನ ಹತ್ತಿರ ಮಾತಾಡುವುದನ್ನು ಬಿಟ್ಟರು. ನನ್ನ ಹತ್ತಿರವೂ ಕೈಸನ್ನೆ ಹೆಚ್ಚಾಯಿತು. ಕುಮಟೆಯಲ್ಲಿ ಥೆರಪಿಯವಳು ಅಕ್ಷರ ಹೇಳಿಸಲು ಹೋದರೆ ತುಟಿ ಬಿಗಿದು ಕೂತರು. ಬಿದ್ದ ಗಾಬರಿ ಇರಬೇಕು ಎಂದುಕೊಂಡೆ. ಅದು ಹಾಗಲ್ಲವೆಂದು ಗೊತ್ತಾಗಿದ್ದು ಕೊಂಕಣಿ ಬಾಯಿಯಿಂದ. ಒಂದು ಸಂಜೆ ಬೇಲಿಯ ಹತ್ತಿರ ಅವಳು ನನ್ನನ್ನು ತಡೆದಳು.

“ಅಣ್ಣ ಎಂತಕ್ಕೆ ಸುಮ್ಮನಾದ್ರು? ದಿನಾ ನಾ ಊಟ ಬಡಿಸುಕೆ ಬಂದಾಗ ಫೋನ್ ಹೋಗ್ದಂಗೆ ಆ ಸ್ಪೀಕರಿನ ಪ್ಲಗ್ ತೆಗ್ದಿಟ್ಟು, ಅದ್ರ ಎದುರಿಗೆ ಕೂತು ನಿನ್ನ ಹೆಸ್ರು ಹೇಳ್ತಿದ್ರು. ಹತ್ತು ಸಲ, ಇಪ್ಪತ್ತು ಸಲ. ನಿನ್ಗೆ ಹೇಳ್ಬೇಡ ಅಂದಿದ್ರು.”

ಇಪ್ಪತ್ತೇಳು ವರ್ಷ ಬಾಯಿಗೆ ಬಾರದ ಹೆಸರನ್ನು, ಮಾತೇ ಹೊರಡದ ನಾಲಿಗೆಗೆ ಅವರು ಒಬ್ಬರೇ ಕೂತು ಕಲಿಸಿದ್ದರು. ಅದು ಬರೀ ಗೊರಗೊರ ಎಂದು ನಾನು ಹೇಳಿದ್ದೆ. ಅವರು ನಂಬಿದ್ದರು.

ಒಳಗೆ ಹೋದೆ. ಅವರು ಮಂಚದ ಮೇಲೆ ಕೂತಿದ್ದರು. ಚೀಲವನ್ನೂ ಇಳಿಸದೆ ಹೇಳಿದೆ: “ಆ ದಿನ ಲೈನ್ ಸರಿ ಇತ್ತು. ನೀವು ಹೆಸ್ರು ಹೇಳಿದ್ದು ಎರಡು ಸಲವೂ ಕೇಳಿತ್ತು. ಯಾರೋ ಕುಡಿದವರು ಅಂದ್ಕಂಡು ನಾನೇ ಫೋನ್ ಇಟ್ಟೆ.”

ಬೈಯಲಿ, ಮುಖ ತಿರುಗಿಸಲಿ ಎಂದು ಕಾದೆ. ಅವರ ತುಟಿಯ ಎಡಮೂಲೆ ಅಲುಗಿ ಒಂದೊಂದೇ ಅಕ್ಷರ ಹೊರಗೆ ಬಂತು.

“ಹಂಗಾರೆ... ಸ್ಪಷ್ಟ ಇತ್ತಾ?”