ಮೀನುಮನೆಗೆ ಗಾರೆ ಮೆತ್ತಿದ ದಿನಗಳು

ವಿಶಾಖಪಟ್ಟಣದ ಕಡಲಂಚಿನಲ್ಲಿ ಮೀನುಗಾರರದೊಂದು ಹಳೆಯ ಕಟ್ಟಡವಿದೆ. ಒಣಮೀನು ಇಡಲು, ಬಲೆ ಹರಡಿ ಹೊಲಿಯಲು ಅವರ ಮುತ್ತಜ್ಜಂದಿರು ಕಟ್ಟಿಕೊಂಡದ್ದು. ಅದರ ದುರಸ್ತಿಗೆ ನಾನು ಎಂಜಿನಿಯರಾಗಿ ಸೇರಿದಾಗ ಗೋಡೆಗಳು ಬೇಸಿಗೆಯಲ್ಲೂ ಬೆವರುತ್ತಿದ್ದವು. ಹಿಂದೆ ಯಾರೋ ಬಳಿದಿದ್ದ ಸಿಮೆಂಟು ಒಳಗಿನ ತೇವವನ್ನು ಹೊರಗೆ ಬಿಡುತ್ತಿರಲಿಲ್ಲ. ಅದನ್ನು ಕೆರೆದು ಸುಣ್ಣದ ಗಾರೆ ಮೆತ್ತಬೇಕಿತ್ತು. ಬಲ್ಲವರು ಸಿಗಲಿಲ್ಲ.

ವಿಜಯವಾಡದಲ್ಲಿರುವ ನನ್ನ ಅತ್ತೆ, ತಮ್ಮ ಬೀದಿಯಲ್ಲೇ ಗಾರೆ ಕೆಲಸದ ಮುದುಕರೊಬ್ಬರಿದ್ದಾರೆ, ನಿಮ್ಮ ಕಡೆಯವರೇ ಎಂದರು. ರೈಲು ಹತ್ತಿ ಹೋದೆ. ಅಜ್ಜ ಬಳ್ಳಾರಿ ಕಡೆಯಿಂದ ಬಂದು, ವಿಜಯವಾಡದವರನ್ನೇ ಮದುವೆಯಾಗಿ ನೆಲೆಸಿದವರು. ನನ್ನ ಧಾರವಾಡದ ಮಾತು ಕೇಳಿದ್ದೇ ಅವರ ಮುಖ ಅರಳಿತು.

“ಕನ್ನಡ ಮಾತಾಡಿ ಭಾಳ ದಿನ ಆತವ್ವ. ಆದ್ರ ನಾ ಕರಣಿ ಹಿಡಿಯೋದು ಬಿಟ್ಟೀನಿ. ಈಗ ಎಲ್ಲಾರಿಗೂ ಸಿಮೆಂಟೇ ಬೇಕು.”

“ನಮಗ ಬ್ಯಾಡ್ರಿ ಅಜ್ಜಾ. ಅದಕ್ಕಂತನ ಬಂದೀನಿ.”

ಅಷ್ಟು ವರ್ಷ ಕೃಷ್ಣಾ ನದಿಯ ಊರಿನಲ್ಲಿದ್ದರೂ ಅಜ್ಜ ಸಮುದ್ರ ನೋಡಿರಲಿಲ್ಲ. ಒಪ್ಪಿ ನನ್ನ ಜೊತೆ ವಿಶಾಖಪಟ್ಟಣಕ್ಕೆ ಬಂದ ದಿನ ಕಟ್ಟಡದ ಕಡೆ ತಿರುಗದೆ ನೀರನ್ನೇ ನೋಡುತ್ತ ನಿಂತುಬಿಟ್ಟರು. ಬೆಳಗಿನ ಮಂಜಿನಲ್ಲಿ ದೋಣಿಗಳು ಆಕಾಶದಲ್ಲಿ ತೇಲುತ್ತಿರುವಂತೆ ಕಂಡವು.

“ಇದಕ್ಕ ಆಚೀ ದಂಡಿ ಇಲ್ಲೇನವ್ವ?” ಎಂದು ಮೆಲ್ಲಗೆ ಕೇಳಿದರು. ಆಮೇಲೆ ಗೋಡೆಯ ಚೂರೊಂದನ್ನು ನಾಲಿಗೆಗಿಟ್ಟು, “ಮೈತುಂಬ ಉಪ್ಪು ಕುಡದೈತಿ” ಎಂದರು.

ಸುಣ್ಣ ವಾರಗಟ್ಟಲೆ ನೆನೆಯಿತು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಅರೆಯುವಾಗಿನ ಆ ವಾಸನೆಗೆ ನನಗೆ ಹಗಲಲ್ಲೇ ಜೊಂಪು ಹತ್ತುತ್ತಿತ್ತು.

ಆದರೆ ಮೊದಲು ಮೆತ್ತಿದ ಗೋಡೆ ಎರಡೇ ದಿನಕ್ಕೆ ಬಿರುಕುಬಿಟ್ಟಿತು. ಅಜ್ಜ ಚೀಲ ಕಟ್ಟಿಕೊಂಡು ಕೂತರು. “ನನ್ನ ಊರಿಗೆ ಕಳಿಸವ್ವ.”

ಆಗ, ಆ ಕಟ್ಟಡದಲ್ಲೇ ಮೀನು ಒಣಗಿಸುತ್ತ ಮುದುಕಿಯಾದ ಹೆಂಗಸೊಬ್ಬಳು ಬಂದು ಬಿರುಕಿನ ಮೇಲೆ ಬೆರಳಾಡಿಸಿದಳು. “ಇದಿ ಗಾಲಿ ದೆಬ್ಬ, ಅನ್ನಾ,” ಎಂದಳು. ಕಡಲಗಾಳಿಯ ಪೆಟ್ಟು ಇದು, ನಿಮ್ಮ ತಪ್ಪಲ್ಲ ಎಂದು ಅವಳ ಮಾತಿನ ಅರ್ಥ. ಅಜ್ಜ ತಲೆಯೆತ್ತಿದರು.

ಗಾರೆ ಕಿತ್ತು ಮತ್ತೆ ಮೆತ್ತಿದೆವು. ಈ ಸಲ ಗಾರೆ ಗಾಳಿಗೆ ಬೇಗ ಒಣಗದಿರಲೆಂದು ಮೀನುಗಾರರ ಕೇರಿಯ ಹೆಂಗಸರು ಹಳೆಯ ಬಲೆಗಳನ್ನು ತಂದು ಗೋಡೆಯ ಉದ್ದಕ್ಕೂ ಇಳಿಬಿಟ್ಟರು. ಅವಕ್ಕೆ ಒದ್ದೆ ಗೋಣಿತಾಟು ಸಿಕ್ಕಿಸಿ, ಪಾಳಿಯ ಮೇಲೆ ಸಿಹಿನೀರು ಚಿಮುಕಿಸಿದರು. ತಾಟಿಲ್ಲದ ಕಡೆ ಬಲೆಯ ಕಣ್ಣುಗಳಿಂದ ತೂರಿದ ಬಿಸಿಲು ನೆಲದ ಮೇಲೆ ನೀರಿನಂತೆ ಅಲುಗುತ್ತಿತ್ತು. ಅದರ ನಡುವೆ ಓಡಾಡುವಾಗ ನಾನೂ ಕಡಲೊಳಗೇ ಇದ್ದೇನೆ ಅನ್ನಿಸುತ್ತಿತ್ತು.

ತಾಟು ತೆಗೆದ ದಿನ ಅಜ್ಜ ಗೋಡೆಯನ್ನು ಉದ್ದಕ್ಕೂ ತಟ್ಟಿ ನೋಡಿದರು. ಎಲ್ಲೂ ಸೀಳಿರಲಿಲ್ಲ. ಚೀಲ ಬಿಚ್ಚಿ ಇನ್ನೂ ಒಂದು ತಿಂಗಳು ಉಳಿದು, ಕೇರಿಯ ಇಬ್ಬರು ಹೆಂಗಸರಿಗೆ ಕೆಲಸ ಕಲಿಸಿಯೇ ಹೋದರು. ಪಕ್ಕದ ಕಟ್ಟಡದ ಚಾವಣಿಗೆ ಈಗ ಗಾರೆ ಮೆತ್ತುತ್ತಿರುವವರು ಆ ಇಬ್ಬರೇ.