ಅತ್ತೆಯ ಹೆಸರಿನಲ್ಲಿ ಕೊಂಡದ್ದು

ಅತ್ತೆಯ ಬಲಗೈಯ ಅಂಗೈಗೆ ಬಿಸಿ ತಿಳಿಯುತ್ತಿರಲಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ, ದಿನಕ್ಕೆ ನೂರಾರು ರಾಗಿಮುದ್ದೆ ಕಟ್ಟಿದ ಕೈ ಅದು. ಚರ್ಮ ದಪ್ಪಗಾಗಿ, ಗೆರೆಗಳೆಲ್ಲ ಮಾಸಿ, ಸವೆದ ಚಪ್ಪಲಿಯ ಹಾಗೆ ನುಣ್ಣಗಾಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದರು. ‘ಇಕ್ಕಳ ಇಲ್ವೇನಮ್ಮ’ ಎಂದು ನನ್ನ ಹೆಂಡತಿ ಕೂಗಿದರೆ, ‘ಇಕ್ಕಳ ಉಡ್ಕೋ ಒತ್ಗೆ ಸಾರು ಉಕ್ಕೋಯ್ತದೆ’ ಎನ್ನುತ್ತಿದ್ದರು.

ನಾನು ಮನೆ ಅಳಿಯ. ಅತ್ತೆಯವರದು ಟಿ. ದಾಸರಹಳ್ಳಿಯ ಹಳೆಯ ಮನೆತನ. ಅವರು ಕಳೆ ಕಿತ್ತಿದ್ದ ಹೊಲದ ಮೇಲೆ ಈಗ ತಗಡಿನ ಶೆಡ್ಡುಗಳಿವೆ. ಉಳಿದದ್ದು ಒಂದು ಮನೆ, ಅದರ ಮೇಲೆ ಬಾಡಿಗೆಗೆ ಕೊಟ್ಟ ಎರಡು ರೂಮು. ಮಾವ ತೀರಿಕೊಂಡ ಮೇಲೆ, ಇರುವ ಒಬ್ಬಳೇ ಮಗಳ ಗಂಡನಾದ ನಾನು ಪೆಟ್ಟಿಗೆ ಎತ್ತಿಕೊಂಡು ಅಲ್ಲಿಗೇ ಹೋಗಿ ಸೇರಿಕೊಂಡೆ. ‘ಬಿಟ್ಟಿ ಊಟ, ಬಿಟ್ಟಿ ಬಾಡಿಗೆ, ಮಜಾ ಮಾಡು ಗುರು’ ಎಂದು ಕೆಲಸದ ಜಾಗದಲ್ಲಿ ಗೆಳೆಯರು ಕಾಲೆಳೆಯುತ್ತಿದ್ದರು. ನಗುತ್ತಿದ್ದೆ, ಆದರೆ ಒಳಗೆ ಚುರುಕ್ ಎನ್ನುತ್ತಿತ್ತು.

ಅತ್ತೆ ಹಳೆಯ ಕಾಲದವರು. ಅಳಿಯನ ಎದುರು ಕೂರಬಾರದು, ಮುಖ ಕೊಟ್ಟು ಮಾತನಾಡಬಾರದು ಎಂಬ ಪದ್ಧತಿಯನ್ನು ಒಂದೇ ಬಚ್ಚಲಿರುವ ಆ ಪುಟ್ಟ ಮನೆಯಲ್ಲೂ ಬಿಡಲಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಹೇಳುವರು. ನಾನು ಎರಡಡಿ ದೂರದಲ್ಲಿ ತಟ್ಟೆಯ ಮುಂದೆ ಕೂತಿದ್ದರೂ, ‘ಅಳಿಯಂದ್ರಿಗೆ ಇನ್ನೊಂದ್ ಮುದ್ದೆ ಬೇಕೇನೋ’ ಎಂದು ಚೌಕಟ್ಟನ್ನೇ ವಿಚಾರಿಸುವರು. ನಾನೂ ಚೌಕಟ್ಟಿಗೇ ‘ಸಾಕು’ ಎನ್ನುತ್ತಿದ್ದೆ. ಹೀಗೆ ಹದಿನಾಲ್ಕು ವರ್ಷ ಮಾತನಾಡಿದ್ದೇವೆ.

ನನಗೆ ನಲವತ್ತನಾಲ್ಕು ನಡೆಯುತ್ತಿದ್ದಾಗ, ಕಾರ್ಖಾನೆಯಲ್ಲಿ ಒಬ್ಬನೇ ಎತ್ತಬಾರದ ಕಬ್ಬಿಣ ಎತ್ತಿ ಬೆನ್ನಿನ ಡಿಸ್ಕ್ ಜಾರಿತು. ಆಪರೇಷನ್ ಆಯಿತು. ನರ ನಜ್ಜಿಹೋಗಿದೆ, ಮೂತ್ರದ ಹಿಡಿತ ಪೂರ್ತಿ ವಾಪಸ್ ಬರುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದು ನನ್ನ ತಲೆಗೆ ಹೋಗಿರಲಿಲ್ಲ, ನಡೆಯುವಂತಾದರೆ ಸಾಕು ಎಂದಷ್ಟೇ ದೇವರನ್ನು ಕೇಳಿಕೊಳ್ಳುತ್ತಿದ್ದೆ. ಮೂರು ತಿಂಗಳಿಗೆ ನಡೆದೆ. ಆದರೆ ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ, ಕೆಲವು ಸಲ ಏನೂ ಮಾಡದೆ ಸುಮ್ಮನೆ ನಿಂತಿದ್ದರೂ ಪ್ಯಾಂಟು ಒದ್ದೆಯಾಗುತ್ತಿತ್ತು.

ನನ್ನದು ಸಿಎನ್‌ಸಿ ಮೆಷಿನ್ನಿನ ಕೆಲಸ. ಲೋಹ ಕೊರೆಯುವಾಗ ಕಾಯದಿರಲೆಂದು ಮೆಷಿನ್ನಿನೊಳಗೆ ಹಾಲಿನಂಥ ಬಿಳಿಯ ಕೂಲೆಂಟ್ ಹರಿಯುತ್ತಲೇ ಇರುತ್ತದೆ. ಒದ್ದೆಯಾದಾಗಲೆಲ್ಲ ನಾನೇ ಅದನ್ನು ಮಗ್ಗಿನಲ್ಲಿ ತೆಗೆದು ತೊಡೆಯ ಮೇಲೆ ಸುರಿದುಕೊಂಡು, ‘ಥೂ, ಮತ್ತೆ ಚಿಮ್ಮಿತು ನೋಡು’ ಎನ್ನುತ್ತಿದ್ದೆ. ದೊಡ್ಡ ಬುದ್ಧಿವಂತನೆಂದುಕೊಂಡಿದ್ದೆ. ತಿಂಗಳೊಳಗೆ ತೊಡೆಯ ಸಂದಿಯೆಲ್ಲ ಹುಣ್ಣಾಗಿ ಕಾಲಗಲಿಸಿ ನಡೆಯುವ ಹಾಗಾಯಿತು. ಆಮೇಲೆ ಬೇರೆ ದಾರಿ ಕಾಣದೆ, ಮನೆಯ ಹತ್ತಿರದ್ದು ಬೇಡವೆಂದು ತುಮಕೂರು ರಸ್ತೆ ದಾಟಿ ಆಚೆ ಬದಿಯ ಮೆಡಿಕಲ್ ಸ್ಟೋರಿಗೆ ಹೋದೆ. ಗಿರಾಕಿಗಳೆಲ್ಲ ಹೋಗಲೆಂದು ಅರ್ಧ ಗಂಟೆ ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ.

‘ದೊಡ್ಡವರ ಡೈಪರ್ ಇದ್ಯಾ ಸಾರ್?’

‘ಇದೆ. ಯಾರಿಗೆ ಸಾರ್?’

‘ನಮ್ಮತ್ತೆಗೆ’ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

‘ಓಡಾಡ್ತಾರಾ, ಮಲಗಿದ್ದಲ್ಲೇನಾ?’

‘ಓಡಾಡ್ತಾರೆ.’

‘ಸೊಂಟ ಎಷ್ಟಿರ್ಬೋದು?’

‘ಮೂವತ್ತಾರು.’

ಅತ್ತೆ ಒಣಗಿದ ತೊಗರಿ ಕಡ್ಡಿಯಷ್ಟಿದ್ದರು. ಅಂಗಡಿಯವರು ಅವರನ್ನು ನೋಡಿರಲಿಲ್ಲವಲ್ಲ, ಎಲ್ ಸೈಜಿನ ಪ್ಯಾಕೆಟ್ ಒಡೆದು ಎರಡನ್ನು ಬಿಡಿಯಾಗಿ ತೆಗೆದು ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಟ್ಟರು. ‘ಮೊದ್ಲು ಹಾಕಿ ನೋಡ್ಲಿ ಸಾರ್. ಒಂದೊಂದೂ ಐವತ್ತು ರೂಪಾಯಿ ಹತ್ರ ಬೀಳುತ್ತೆ, ಸರಿ ಹೋಗ್ದೆ ಇದ್ರೆ ವೇಸ್ಟು’ ಎಂದರು. ಸರಿಯೇನೋ ಹೋಯಿತು. ಆದರೆ ದಿನಕ್ಕೆ ಎರಡೆಂದರೂ ಮೇಲಿನ ಒಂದು ರೂಮಿನ ಬಾಡಿಗೆ ಅದಕ್ಕೇ ಹೋಗುತ್ತಿತ್ತು. ಬೆಳಿಗ್ಗೆ ಹಾಕಿದ್ದನ್ನು ಸಂಜೆಯವರೆಗೂ ಎಳೆಯುತ್ತಿದ್ದೆ. ಭಾರಕ್ಕೆ ಜೋತುಬಿದ್ದ ಅದನ್ನು ಶರ್ಟು ಹೊರಗೆ ಬಿಟ್ಟು ಮುಚ್ಚಿಕೊಂಡು ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ.

ತಿಂಗಳು ಕಳೆದಿರಬೇಕು. ಅತ್ತೆಯ ಬಿ.ಪಿ. ಮಾತ್ರೆ ಹತ್ತಿರದ ಅಂಗಡಿಯಲ್ಲಿ ಸಿಗದೆ ಅವರೂ ರಸ್ತೆ ದಾಟಿದರು. ಹಿಂದೆ ಹತ್ತಿರದ ಅಂಗಡಿಯಲ್ಲಿ ನಾನು ಮಾತ್ರೆ ತಂದಾಗ ನನ್ನ ಹೆಸರಿಗೆ ಬರೆದಿದ್ದ ಹಳೆಯ ಬಿಲ್ಲು ತೋರಿಸಿ ಕೇಳಿದ್ದಾರೆ. ತಿಂಗಳಿಂದ ಅದೇ ಹೆಸರಿಗೆ ಬಿಲ್ಲು ಹಾಕುತ್ತಿದ್ದ ಅಂಗಡಿಯವರು ದನಿ ತಗ್ಗಿಸಿ, ‘ಅಮ್ಮಾ, ಈಗ ಹೇಗಿದೆ? ಲೀಕ್ ಆಗ್ತಿಲ್ಲ ತಾನೆ? ಅಳಿಯಂದಿರು ಹೇಳಿದ್ರು’ ಎಂದು ಕೇಳಿದ್ದಾರೆ. ಅತ್ತೆ ‘ವಾಸಿ ಕಣಪ್ಪ. ಇನ್ನೊಂದ್ ಎಲ್ಡು ಕೊಡು’ ಎಂದು ಕೊಂಡು ತಂದಿದ್ದಾರೆ. ಇದೆಲ್ಲ ನನಗೆ ಹೆಂಡತಿಯಿಂದ ಆಮೇಲೆ ತಿಳಿದದ್ದು.

ಆ ರಾತ್ರಿ ಊಟಕ್ಕೆ ಕೂತಿದ್ದೆ. ಅತ್ತೆ ಚೌಕಟ್ಟಿಗೆ ಹೇಳಿದರು: ‘ನಂಗೆ ಉಚ್ಚೆ ನಿಲ್ಲಾಕಿಲ್ವಂತೆ. ಮೆಡಿಕಲ್ನೋರು ಏಳಿದ್ರು. ನಂಗೇ ಗೊತ್ತಿರ್ನಿಲ್ಲ ನೋಡು.’

ಭೂಮಿ ಬಾಯಿಬಿಡಬಾರದೇ ಎನಿಸಿತು. ಹೆಂಡತಿ ಸಾರಿನ ಪಾತ್ರೆಯೊಳಗೆ ಏನೋ ಹುಡುಕುತ್ತಿದ್ದಳು. ಅತ್ತೆ ಬೈಯಲಿಲ್ಲ. ‘ಓಗ್ಲಿ. ಅದನ್ನ ಬೆಳಿಗ್ಗಿಂದ ಸಂಜೆಗಂಟ ಆಕ್ಕೊಂಡ್ರೆ ಗಾಯ ಮಾಯಾಕಿಲ್ಲ. ಬದ್ಲಾಯಿಸ್ಬೇಕು ಅಂತ ಅಳಿಯಂದ್ರಿಗೆ ಏಳು’ ಎಂದು ಒಳಗೆ ಹೋದರು.

ಮಾರನೆಯ ದಿನದಿಂದ ಅದು ಅತ್ತೆಯ ಕೆಲಸವಾಯಿತು. ಐವತ್ತು ರೂಪಾಯಿಯ ವಸ್ತುವನ್ನು ಒಂದೇ ಸಲಕ್ಕೆ ಬಿಸಾಡುವುದೆಂದರೆ ಅವರ ಕೈಲಿ ಆಗದ ಮಾತು. ನಾನು ಕವರಿನಲ್ಲಿ ಕಟ್ಟಿ ಕಸಕ್ಕೆಂದು ಇಟ್ಟಿದ್ದನ್ನು ಬಿಚ್ಚಿ, ಸೋಪು ಹಾಕಿ ಒಗೆಯುವ ಕಲ್ಲಿನ ಮೇಲೆ ಬಡಿದಿದ್ದಾರೆ. ಒಳಗಿನ ಪುಡಿ ನೀರು ಕುಡಿದು ಉಬ್ಬಿ, ಹೊಲಿಗೆ ಕಿತ್ತು, ಕಲ್ಲಿನ ತುಂಬ ಬೆಂದ ಸಬ್ಬಕ್ಕಿಯ ಹಾಗೆ ಹರಡಿಕೊಂಡಿದೆ. ನೀರು ಸುರಿದಷ್ಟೂ ಹೆಚ್ಚಾಯಿತಂತೆ. ಮೋರಿ ಕಟ್ಟಿಕೊಂಡಿತು. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಕಲಬುರಗಿ ಕಡೆಯ ಹೆಂಗಸು ಇಳಿದು ಬಂದು, ‘ಏನ್ರಿ ಅಮ್ಮಾರ, ಸಾಬೂದಾನಿ ಚೆಲ್ಲೀರೇನ್ರಿ?’ ಎಂದು ಕೇಳಿದಳು.

‘ಸಾಬೂದಾನಿ ಅಲ್ಲ ಕಣವ್ವ, ನನ್ ಚಡ್ಡಿ’ ಎಂದರು ಅತ್ತೆ. ‘ವಯಸ್ಸಾಯ್ತಲ್ಲ, ಉಚ್ಚೆ ನಿಲ್ಲಾಕಿಲ್ಲ. ತೊಳುದ್ರೆ ಇಂಗಾಯ್ತು.’

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ನಾನು ಒಳಗೆ ಕೂತು ಎಲ್ಲ ಕೇಳಿಸಿಕೊಂಡೆ. ಅಯ್ಯೋ ಎನ್ನಿಸಿತು, ನಿಜ. ಆದರೆ ಅದಕ್ಕಿಂತ ಮೊದಲು, ಸದ್ಯ ನನ್ನ ಹೆಸರು ಬರಲಿಲ್ಲವಲ್ಲ ಎನ್ನಿಸಿತು. ಆ ನೆಮ್ಮದಿಯನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಒಗೆದರೆ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಅತ್ತೆ ಬೇರೆ ದಾರಿ ಹಿಡಿದರು. ಮನೆಯಲ್ಲಿರುವಾಗ ಬಟ್ಟೆ, ಕೆಲಸಕ್ಕೆ ಹೋಗುವಾಗ ಮಾತ್ರ ಕೊಂಡದ್ದು. ಬಟ್ಟೆಗೆಂದು ಮನೆಯಲ್ಲಿದ್ದುದನ್ನೆಲ್ಲ ಅಂಗಳದಲ್ಲಿ ಹರಡಿ ಪರೀಕ್ಷೆ ಮಾಡಿದರು. ಒಂದೊಂದರ ಮೇಲೂ ಒಂದು ಲೋಟ ನೀರು ಸುರಿಯುವುದು, ನೂರು ಎಣಿಸುವುದು, ಆಮೇಲೆ ಅಂಗೈ ಒತ್ತಿ ನೋಡುವುದು. ಬಿಸಿ ತಿಳಿಯದ ಆ ಕೈಗೆ ತೇವ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಹೊಸ ಟರ್ಕಿ ಟವೆಲ್ ನೀರನ್ನೇ ಹೀರಲಿಲ್ಲ, ಅದರ ಮೇಲೆ ನೀರು ಹರಿದುಹೋಯಿತು. ಹತ್ತು ಸಲ ಒಗೆದು ಸವೆದ ಟವೆಲ್ ಇಡೀ ಲೋಟ ಕುಡಿಯಿತು. ‘ಒಸದ್ರಲ್ಲಿ ಗಂಜಿ ಇರ್ತದೆ. ಅದು ಓಗಾಗಂಟ ಬಟ್ಟೆ ನೀರ್ ಕುಡಿಯಾಕಿಲ್ಲ’ ಎಂದು ಚೌಕಟ್ಟಿಗೆ ಪಾಠ ಹೇಳಿದರು. ಹಳೆಯ ಟವೆಲ್ ನಾಲ್ಕು ಪದರ, ತಳಕ್ಕೆ ತೆಳ್ಳನೆಯ ರೆಕ್ಸಿನ್, ಮೇಲೆ ತಮ್ಮ ಹಳೆಯ ಹತ್ತಿ ಸೀರೆಯ ತುಂಡು, ಹೀಗೆ ಜೋಡಿಸಿ ಎಂಟು ಪ್ಯಾಡ್ ಹೊಲಿದರು. ಒಗೆದು, ಬೀದಿಗೆ ಕಾಣುವ ಹಗ್ಗದ ಮೇಲೇ ಬಿಸಿಲಿಗೆ ಹಾಕಿದರು.

ಕೊಳ್ಳುವುದಕ್ಕೂ ಅಷ್ಟೇ. ಮಾರ್ಕೆಟ್ಟಿನ ಹತ್ತಿರದ ಹೋಲ್‌ಸೇಲ್ ಅಂಗಡಿಗಳನ್ನು ಸುತ್ತಿ, ಚಡ್ಡಿಯಂಥದ್ದಕ್ಕಿಂತ ಅಂಟುಪಟ್ಟಿಯದ್ದು ಅಗ್ಗ, ದೊಡ್ಡ ಕಟ್ಟು ತೆಗೆದುಕೊಂಡರೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಕಂಡುಹಿಡಿದರು. ಅಲ್ಲೂ ಒಂದು ಸ್ಯಾಂಪಲ್ ಕೇಳಿ ತೆಗೆದುಕೊಂಡು, ಅಂಗಡಿಯವನ ಕುಡಿಯುವ ನೀರನ್ನೇ ಅದರ ಮೇಲೆ ಸುರಿದು ಅಂಗೈ ಒತ್ತಿ ನೋಡಿದರಂತೆ. ಎಂ ಸೈಜ್ ಸಾಕಲ್ವಾ ಅಜ್ಜಿ ಎಂದು ಅವನು ಕೇಳಿದ್ದಕ್ಕೆ, ‘ಸಡ್ಲ ಇರ್ಲಿ, ಗಾಳಿ ಆಡ್ತದೆ’ ಎಂದರಂತೆ. ಆ ಕಟ್ಟನ್ನು ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವರು. ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ ಅದೇನೆಂದು ಚಿತ್ರ ಸಮೇತ ಅಚ್ಚಾಗಿರುತ್ತಿತ್ತು. ಒಂದು ಸಲ ನಾನು ಜೊತೆಯಲ್ಲಿದ್ದೆ. ಅವರ ಪಕ್ಕದಲ್ಲಿ ಸೀಟು ಖಾಲಿಯಿತ್ತು. ನಾನು ಹೋಗಿ ಬೋಗಿಯ ಆಚೆ ತುದಿಯಲ್ಲಿ ನಿಂತೆ.

ಹೀಗೆ ಐದು ವರ್ಷ ನಡೆಯಿತು. ನನ್ನ ಹುಣ್ಣು ಮಾಯಿತು, ಕೆಲಸ ಉಳಿಯಿತು. ನನ್ನ ಸಂಗತಿ ಕಾರ್ಖಾನೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ಒಂದು ಸಲ ಅತ್ತೆಯ ತಂಗಿಯ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಛತ್ರಕ್ಕೆ ಹೋಗಿದ್ದೆವು. ಮುಂದಿನ ಸಾಲಿನಲ್ಲಿ ಕೆಂಪು ಮಖಮಲ್ಲಿನ ಕುರ್ಚಿಗಳಿದ್ದವು. ಅತ್ತೆ ಕೂರಲು ಹೋದಾಗ ಅವರ ತಂಗಿ ಓಡಿಬಂದು, ‘ಒಂಚೂರು ತಡಿ ಅಕ್ಕ’ ಎಂದು ಹೂವಿನ ಬುಟ್ಟಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ತೆಗೆದು ಕುರ್ಚಿಯ ಮೇಲೆ ಹಾಸಿದರು. ‘ಬಾಡ್ಗೆ ಕುರ್ಚಿ ಕಣಕ್ಕ, ಏನಾರ ಆದ್ರೆ ಛತ್ರದೋರು ಸುಮ್ಕೆ ಬಿಡಾಕಿಲ್ಲ.’ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆಯ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ನಕ್ಕು, ‘ಒಳ್ಳೇದಾಯ್ತು, ತಣ್ಗದೆ’ ಎಂದು ಅದರ ಮೇಲೆಯೇ ಕೂತರು. ಅದೇ ಸಾಲಿನಲ್ಲಿ, ನಾಲ್ಕು ಕುರ್ಚಿಯಾಚೆ, ಬರೀ ಮಖಮಲ್ಲಿನ ಮೇಲೆ ನಾನು ಕೂತಿದ್ದೆ. ಪ್ಯಾಂಟಿನೊಳಗೆ ಅತ್ತೆ ತಂದ ಡೈಪರ್ ಇತ್ತು.

ಎದ್ದು ಹೋದೆ. ಅಡುಗೆ ಎಲ್ಲಿಗೆ ಬಂತು ನೋಡುವವನ ಹಾಗೆ ಹಿಂದಕ್ಕೆ ಹೋಗಿ ನಿಂತೆ. ಪಂಕ್ತಿ ಹಾಕಿದಾಗ ಒಬ್ಬಟ್ಟು ಎರಡು ಸಲ ಬಡಿಸಿಕೊಂಡು ತಿಂದೆ.

ಮನೆಗೆ ಬಂದ ಮೇಲೆ ಹೆಂಡತಿ ನನ್ನೊಡನೆ ಮಾತನಾಡಲಿಲ್ಲ. ನಾಲ್ಕು ದಿನ ಬಿಟ್ಟು ನಾನೇ ಮನಸ್ಸು ಗಟ್ಟಿ ಮಾಡಿಕೊಂಡು ಅತ್ತೆಯ ಬಳಿ ಹೋದೆ. ‘ಅತ್ತೆ, ಇದು ಸಾಕು. ನಾನೇ ಎಲ್ಲರಿಗೂ ಹೇಳಿಬಿಡ್ತೀನಿ’ ಎಂದೆ. ಅವರು ಅವರೆಕಾಯಿ ಸುಲಿಯುತ್ತಿದ್ದವರು ತಟ್ಟನೆ ಎದ್ದು ನಿಂತು, ಸೆರಗು ಹೊದ್ದು, ಚೌಕಟ್ಟಿನ ಕಡೆ ತಿರುಗಿದರು.

‘ಅಳಿಯಂದ್ರು ನಾಕ್ ಜನದ ಮಧ್ಯ ಕೆಲ್ಸ ಮಾಡೋ ಗಂಡಸು. ಆಡ್ಕೊಂಡ್ ನಗ್ತಾರೆ. ನಂಗೇನಾಯ್ತದೆ, ಮುದ್ಕಿ. ಮುದ್ಕೀರ್ಗೆ ಯಾರೂ ಏನೂ ಅನ್ನಾಕಿಲ್ಲ.’

ಅನ್ನುವುದಿಲ್ಲ ಎಂಬುದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಅವರು ಬೇಡವೆನ್ನಲಿ ಎಂದೇ ಕೇಳಿದ್ದೆನೋ ಏನೋ.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅತ್ತೆ ಏಳಲಿಲ್ಲ. ಬಿ.ಪಿ. ಇತ್ತು, ಎದೆಬಡಿತ ನಿಂತಿತ್ತು. ಬದುಕಿದ್ದಷ್ಟು ದಿನವೂ ಅವರಿಗೆ ಒಂದು ಹನಿಯೂ ಹೆಚ್ಚುಕಡಿಮೆಯಾಗಿರಲಿಲ್ಲ. ಹೆಂಗಸರು ಒಳಗೆ ಸ್ನಾನ ಮಾಡಿಸುತ್ತಿದ್ದರು, ಗಂಡಸರು ಹೊರಗೆ ಕೂತಿದ್ದೆವು. ಅವರ ತಂಗಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಎಲ್ಲರೆದುರು ನನ್ನನ್ನೇ ಕೇಳಿದರು: ‘ಅಕ್ಕನ ಡೈಪರು ಎಲ್ಲವೆ? ಒಂದ್ ಆಕ್ಬುಡಾನ. ಎತ್ಕಂಡೋಗೋವಾಗ ಏನಾರ ಆದ್ರೆ ಜನ ನಗ್ತಾರೆ, ಪಾಪ.’

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಬೇಡ, ಅವರಿಗೆ ಅದು ಬೇಕಿಲ್ಲ ಎಂದಿದ್ದರೆ ಸಾಕಿತ್ತು. ಅಂಗಳದಲ್ಲಿ ನಮ್ಮ ಕಾರ್ಖಾನೆಯವರು ಹತ್ತು ಹನ್ನೆರಡು ಜನ ಇದ್ದರು. ನಾನು ಒಳಗೆ ಹೋಗಿ, ಬಚ್ಚಲ ಗೂಡಿನಿಂದ ಎಲ್ ಸೈಜಿನದೊಂದನ್ನು ತೆಗೆದು ತಂದು ಅವರ ತಂಗಿಯ ಕೈಗೆ ಕೊಟ್ಟೆ. ತುಂಬ ಸಡಿಲವಾಯಿತಂತೆ, ಎರಡು ಸುತ್ತು ಮಡಚಿ ಪಟ್ಟಿ ಅಂಟಿಸಿದರಂತೆ. ಅದರಲ್ಲೇ ಅವರನ್ನು ಮಣ್ಣು ಮಾಡಿದೆವು. ಮೂರು ಹಿಡಿ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬ.

ತಿಥಿ ಮುಗಿದ ವಾರಕ್ಕೆ ಗೂಡಿನಲ್ಲಿದ್ದುದೆಲ್ಲ ಮುಗಿಯಿತು. ತಂದುಕೊಡುವವರು ಇರಲಿಲ್ಲ. ರಸ್ತೆ ದಾಟಿ ಮೆಡಿಕಲ್ ಸ್ಟೋರಿಗೆ ಹೋದೆ. ಸಂಜೆಯ ಹೊತ್ತು, ಕೌಂಟರಿನ ಮುಂದೆ ಆರೇಳು ಜನ, ಅವರಲ್ಲಿ ಇಬ್ಬರು ನಮ್ಮ ಕಾರ್ಖಾನೆಯ ಶಾಪ್ ಫ್ಲೋರಿನವರೇ. ಅಂಗಡಿಯವರು ನನ್ನನ್ನು ನೋಡಿ ಕೈ ಮುಗಿದರು.

‘ಕೇಳ್ದೆ ಸಾರ್, ತುಂಬಾ ಬೇಜಾರಾಯ್ತು. ಎಂಥಾ ಧೈರ್ಯದ ಹೆಂಗಸು. ಇಲ್ಲಿ ತಗೊಂಡ ಪ್ಯಾಕೆಟ್ ಏನಾದ್ರೂ ಒಡೀದೆ ಉಳಿದಿದ್ರೆ ತಂದ್ಬಿಡಿ, ವಾಪಸ್ ಇಟ್ಕೋತೀನಿ. ಇನ್ಯಾಕೆ ನಿಮಗೆ ಅದು?’

‘ಬೇಕು ಸಾರ್’ ಎಂದೆ. ನನ್ನ ದನಿ ನನಗೇ ಜೋರೆನಿಸಿತು. ‘ಎಲ್ ಸೈಜ್ ಒಂದು ಪ್ಯಾಕೆಟ್ ಕೊಡಿ. ಅದು ನನಗೆ. ಮೊದಲ್ನೇ ದಿನದಿಂದಲೂ ನನಗೇನೆ. ನಮ್ಮತ್ತೆಗೆ ಅಂಥದ್ದೇನೂ ಇರ್ಲಿಲ್ಲ.’

ಯಾರೂ ನಗಲಿಲ್ಲ. ನಮ್ಮ ಶಾಪ್ ಫ್ಲೋರಿನವರಲ್ಲಿ ಒಬ್ಬ ಮೊಬೈಲಿನಿಂದ ತಲೆಯೆತ್ತಿ ನೋಡಿ, ಮತ್ತೆ ಮೊಬೈಲ್ ನೋಡಿಕೊಂಡ. ಅಂಗಡಿಯವರು ಪ್ಯಾಕೆಟ್ ತಂದು ಕೌಂಟರಿನ ಮೇಲಿಟ್ಟು, ‘ಕವರ್ ಬೇಕಾ ಸಾರ್?’ ಎಂದು ಕೇಳಿದರು. ಆಗಿದ್ದು ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ನಾನು ಅತ್ತೆ ಸಾಯುವವರೆಗೂ ಕಾದೆ.