ಫಾರಂ ಒಳಗೆ ಕಳೆದುಹೋದ ಕರು

ಕಳೆದ ಭಾನುವಾರ ತಗಡೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಕರುವೊಂದನ್ನು ಮಾಯ ಮಾಡಿದೆ. ಕರು ನನ್ನ ಎದುರೇ ನಿಂತು ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ನೆಕ್ಕುತ್ತಿತ್ತು. ಮಾಯವಾಗಿದ್ದು ಸ್ಕ್ರೀನ್ ಮೇಲೆ.

ನಾನು ನಂಜನಗೂಡಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು ಅಂತ ನಿಮಗೆ ಗೊತ್ತೇ ಇದೆ. ಗೆಳೆಯ ಮಹದೇವಸ್ವಾಮಿ ದನದ ಡಾಕ್ಟರು. ರಜಾ ದಿನ ಹಳ್ಳಿಗಳಿಗೆ ಹೋಗಿ ದನಗಳಿಗೆ ಪುಕ್ಕಟೆ ಲಸಿಕೆ ಹಾಕುತ್ತಾನೆ. ಅವುಗಳ ವಿವರ ಬರೆದಿಡಲು ಒಂದು ವೆಬ್ ಅಪ್ಲಿಕೇಶನ್ ಮಾಡಿಕೊಡು ಅಂದ. ಅದೆಷ್ಟರ ಕೆಲಸ? ನೆಸ್ಟೆಡ್ ಫಾರಂ ಹಾಕಿದೆ. ಅಂದರೆ ಫಾರಂ ಒಳಗೊಂದು ಫಾರಂ. ಮನೆಯ ಒಳಗೆ ಹಸು, ಹಸುವಿನ ಒಳಗೆ ಕರು. 'ಹಸು ಸೇರಿಸಿ' ಬಟನ್ ಒತ್ತಿದರೆ ಹಸುವಿನ ಡಬ್ಬಿ ತೆರೆಯುತ್ತದೆ, ಅದರೊಳಗೆ 'ಕರು ಸೇರಿಸಿ'. ಕೊನೆಗೆ ಒಂದೇ ಸಲ ಸೇವ್. ಫ್ರೇಮ್‌ವರ್ಕ್‌ನಲ್ಲೇ ಇದಕ್ಕೆಲ್ಲ ಸಿದ್ಧ ಸೌಲಭ್ಯವಿದೆ. (ನಾಲ್ಕು ಸಾಲಿನ ಕೆಲಸ ಅಂತ ಸ್ವಾಮಿಯ ಮುಂದೆ ಕೊಚ್ಚಿಕೊಂಡೂ ಇದ್ದೆ.)

ಚಿಕ್ಕತಾಯಮ್ಮ ಬರುವ ತನಕ ಎಲ್ಲ ಸುಸೂತ್ರವಾಗಿತ್ತು. ಕೂಲಿ ಮಾಡುವ ಹೆಂಗಸು. ಒಂದು ಹಸು, ಹಣೆಯಲ್ಲಿ ಬಿಳಿ ಚುಕ್ಕೆಯಿರುವ ಒಂದು ಕರು ಹಿಡಿದುಕೊಂಡು ಬಂದರು. ಅವರ ಹೆಸರು ಟೈಪ್ ಮಾಡಿದೆ, ಹಸು ಸೇರಿಸಿದೆ, ಕರು ಸೇರಿಸಿದೆ. ಆಗ ಅವರು ಮೆಲ್ಲಗೆ, "ಅಸ ನಂದಲ್ಲ ಸಾ, ಕರ ನಂದು" ಅಂದರು.

ಹಸು ನರಸೀಪುರದ ಕಡೆಯ ನಂಜೇಗೌಡರದು. ಅವರ ಮನೆಯಲ್ಲಿ ಹುಲ್ಲು ತರುವವರಿಲ್ಲ. ಹಾಗಾಗಿ ಇವರಿಗೆ ಪಾಲಿಗೆ ಬಿಟ್ಟಿದ್ದಾರೆ. ಮೊದಲ ಕರು ಗೌಡರಿಗೆ, ಎರಡನೆಯದು ಸಾಕಿದವರಿಗೆ. ಮೊದಲನೆಯದು ಹೋಗಿಯಾಗಿದೆ, ಇದು ಎರಡನೆಯದು. ನಮ್ಮ ಸೀಮೆಯಲ್ಲಿ ಪಾಲಿಗೆ ದನ ಸಾಕುವುದು ಹೊಸದೇನಲ್ಲ. ಆದರೆ ಫಾರಂ ಮಾಡುವಾಗ ನನ್ನ ತಲೆಗೆ ಹೊಳೆಯಲೇ ಇಲ್ಲ, ನೋಡಿ.

ಸರಿ, ಚಿಕ್ಕತಾಯಮ್ಮನ ಮನೆಯಿಂದ ಹಸುವನ್ನು ಡಿಲೀಟ್ ಮಾಡಿದೆ. ಹಸುವಿನ ಜೊತೆ ಕರುವೂ ಹೋಯಿತು. ಹಾಗೆ ಹೋಗಬೇಕು ಅಂತ ಬರೆದವನು ನಾನೇ! ಕರುವೊಂದನ್ನೇ ಸೇರಿಸಲು ನೋಡಿದೆ. 'ಕನಿಷ್ಠ ಒಂದು ಹಸು ಇರಲೇಬೇಕು' ಅಂತ ಕೆಂಪಕ್ಷರ ಬಂತು. ಅದೂ ನಂದೇ. ಕೊನೆಗೆ ಗೌಡರ ಹೆಸರಿನಲ್ಲಿ ಮನೆ ತೆರೆದು ಎರಡನ್ನೂ ಅಲ್ಲಿಗೆ ಸೇರಿಸಿದೆ. ಫಾರಂ ಮರುಮಾತಿಲ್ಲದೆ ಸೇವ್ ಆಯಿತು.

ಚಿಕ್ಕತಾಯಮ್ಮ ಮಾತ್ರ ಒಪ್ಪಲಿಲ್ಲ. ಲಸಿಕೆ ಹಾಕಿದ್ದಕ್ಕೆ ಕೊಡುವ ಸ್ಲಿಪ್‌ನಲ್ಲಿ ಯಾರ ಹೆಸರಿದೆ ಅಂತ ಓದಿಸಿ ಕೇಳಿದರು. (ಲಸಿಕೆಯ ಜೊತೆಗೇ ದನದ ಕಿವಿಗೆ ಚುಚ್ಚುವ ನಂಬರಿನ ಬಿಲ್ಲೆಗೆ ಇಲ್ಲಿ ಓಲೆ ಅನ್ನುತ್ತಾರೆ.)

"ಓಲೆ ಆಕಿ ಗೌಡ್ರ ಎಸ್ರು ಬರ್ದ್‌ಬುಟ್ರೆ, ನಾಳಿಕೆ ನಂದು ಅಂದ್ರೆ ಯಾರ್ ಕೇಳಾರು ಸಾ? ನಾಕ್ ವರ್ಸ ಉಲ್ಲು ಒತ್ತು ಸಾಕಿವ್ನಿ."

ನನಗೆ ನಾಚಿಕೆಯಾಯಿತು. ಗೌಡರಿಗೆ ಸ್ವಾಮಿ ಫೋನ್ ಮಾಡಿ ಸ್ಪೀಕರ್ ಹಾಕಿದ. ಗೌಡರದು ತಕರಾರೇ ಇಲ್ಲ. "ಅದು ಆಯಮ್ಮಂದೇ ಕಣ್ರೀ. ಆವತ್ತೇ ಮಾತಾಗದೆ. ನೀವ್ಯಾಕೆ ತಂದು ನಮ್ಮನೇಲಿ ಕಟ್ಟಾಕಿದ್ದೀರಿ?" ಅಂದರು.

ಅವರಿಬ್ಬರು ಬಾಯಿಮಾತಿನಲ್ಲಿ ಬಗೆಹರಿಸಿಕೊಂಡಿದ್ದನ್ನು ನನ್ನ ಡಬ್ಬಿಗಳು ಕೆಡಿಸಿದ್ದವು. ಫಾರಂ ಮಾಡುವ ನಾವೆಲ್ಲ ಹೀಗೇ ಅಲ್ಲವೇ? ಯಜಮಾನನ ಒಳಗೆ ಹೆಂಡತಿ, ಹೆಂಡತಿಯ ಒಳಗೆ ಮಕ್ಕಳು. ಒಳಗಿರುವವರನ್ನು ಒಂದು ಮಾತು ಕೇಳಿದವರುಂಟೇ?

ಅರಳಿಕಟ್ಟೆಯ ಮೇಲೆ ಕೂತು ಕರುವನ್ನು ಹಸುವಿನ ಡಬ್ಬಿಯಿಂದ ಹೊರಗೆ ತೆಗೆದೆ. ಕರುವಿಗೆ ಅದರದೇ ಫಾರಂ. ತಾಯಿ ಯಾವುದು ಅನ್ನಲು ಒಂದು ಕಾಲಂ, ಕರು ಯಾರದು ಅನ್ನಲು ಇನ್ನೊಂದು. (ನಾಲ್ಕು ಸಾಲಲ್ಲ, ಎರಡು ಗಂಟೆ. ಅಷ್ಟು ಹೊತ್ತೂ ಸ್ವಾಮಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ನನ್ನನ್ನು ಬೈದುಕೊಂಡೇ ಲಸಿಕೆ ಹಾಕಿದ.)

ಅಂತೂ ಕರು ಚಿಕ್ಕತಾಯಮ್ಮನ ಹೆಸರಿಗೆ ಬಂತು. ಸೇವ್ ಒತ್ತುವ ಮೊದಲು, ಕರುವಿನ ಹೆಸರೇನು ಅಂತ ಸುಮ್ಮನೆ ಕೇಳಿದೆ. ಇನ್ನೂ ಇಟ್ಟಿಲ್ಲ ಅಂದರು. ಮೊದಲನೆಯದಕ್ಕೂ ಇಟ್ಟಿರಲಿಲ್ಲವಂತೆ. ಕಳಿಸಿಕೊಡಬೇಕಾದ ಕರುವಿಗೆ ಹೆಸರಿಟ್ಟು ಕೂಗಿದರೆ ಕಳಿಸುವಾಗ ಕಷ್ಟವಂತೆ. ಸ್ಕ್ರೀನಿನಲ್ಲಿ ತಮ್ಮ ಹೆಸರು ಎಲ್ಲಿದೆ ಅಂತ ಕೇಳಿ, ಬೆರಳಿಟ್ಟು ನೋಡಿದರು. ಆಮೇಲೆ ಕರುವಿನ ಹಣೆ ಸವರಿದರು.

"ಚುಕ್ಕಿ ಅಂತ ಬರ್ಕೊಳಿ ಸಾ."

ಹೆಸರಿನ ಕಾಲಂ ಮುಂದೆ ನಾನು 'ಕಡ್ಡಾಯವಲ್ಲ' ಅಂತ ಹಾಕಿದ್ದೆ!